ದಿನಕ್ಕೊಬ್ಬ ಎದುರಾಳಿಯಾಗುವ ಮುರ್ತುಜಾಸಾಬ

ಬೈಲಹೊಂಗಲದ ಹಳೆಯ ಜಿನ್ನಿಂಗ್ ಶೆಡ್ಡಿಗೆ ಈಗ ಹತ್ತಿ ಬರುವುದಿಲ್ಲ. ಆದರೂ ತೊಲೆಗಳ ಸಂದಿಯಲ್ಲಿ, ಕಿಟಕಿಯ ಸರಳುಗಳಲ್ಲಿ ಯಾವ ಕಾಲದ್ದೋ ಅರಳೆ ಅಂಟಿಕೊಂಡೇ ಇದೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಒಳಗೆ ಒಂದೇ ಒಂದು ಟ್ಯೂಬ್‌ಲೈಟು. ಅದರ ಕೆಳಗೆ, ನೆಲದ ಮೇಲೆ ಸುಣ್ಣದಿಂದ ಎಳೆದ ಚೌಕದಲ್ಲಿ, ನಲವತ್ತಾರು ವರ್ಷದ ಮುರ್ತುಜಾಸಾಬ ಎಡಗೈಯ ಬಾಕ್ಸಿಂಗ್ ಗ್ಲೌಸನ್ನು ಒಂದು ಸ್ಟೀಲ್ ಪರಾತದೊಳಗೆ ಅದ್ದಿ ತೆಗೆಯುತ್ತಾರೆ. ಪರಾತದಲ್ಲಿರುವುದು ಜೋಳದ ಹಿಟ್ಟು.

"ಕಾಕಾ, ಇವತ್ತ ಯಾರಾಗೀರಿ?" ಚೌಕದ ಆಚೆ ತುದಿಯಿಂದ ಅನ್ನಪೂರ್ಣಾ ಕೇಳುತ್ತಾಳೆ.

"ಪ್ರಜ್ಞಾ."

"ನಿನ್ನೇನೂ ಪ್ರಜ್ಞಾ, ಇವತ್ತೂ ಪ್ರಜ್ಞಾ. ಆಕಿ ಮಾರಿ ನೋಡಿ ನೋಡಿ ಬ್ಯಾಸರ ಬಂತ ನನಗ."

"ಮಾರಿ ನಂದೈತಿ, ಅದನ್ನ ನೋಡಬ್ಯಾಡ. ಕಾಲ ನೋಡು. ಕಾಲ ಆಕಿವು."

ಕಾಲು ನಿಜವಾಗಿಯೂ ಆಕೆಯವೇ. ಇಷ್ಟು ಹೊತ್ತು ಅಂಗಾಲನ್ನು ಪೂರ್ತಿ ಊರಿ, ಮೂಟೆ ಹೊರಲು ಸಜ್ಜಾದವರಂತೆ ಮಂಡಿ ತುಸು ಬಾಗಿಸಿ ನಿಂತಿದ್ದ ಮನುಷ್ಯ ಈಗ ಹಿಮ್ಮಡಿ ಎತ್ತಿ, ಓರೆಯಾಗಿ ತಿರುಗಿ, ಗದ್ದವನ್ನು ಎಡಭುಜದ ಹಿಂದೆ ಅಡಗಿಸಿಕೊಳ್ಳುತ್ತಾರೆ. ನರೆತ ಗಡ್ಡ, ಮೈಮೇಲೆ ಹಳೆಯ ಸೀರೆಗಳ ಕೌದಿಯಿಂದ ಹೊಲಿದ ದಪ್ಪನೆಯ ತೋಳಿಲ್ಲದ ಅಂಗಿ. ಆದರೂ ಒಂದು ಗಳಿಗೆ ಅಲ್ಲಿ ಉದ್ದ ಕೈಕಾಲಿನ ಹುಡುಗಿಯೊಬ್ಬಳು ಹಗುರವಾಗಿ ಸುತ್ತು ಹಾಕುತ್ತಿರುವಂತೆ ಕಾಣುತ್ತದೆ. ಎಡಗೈ ಚಕ್ಕನೆ ಮುಂದೆ ಬರುತ್ತದೆ. ಠಪ್ ಎಂಬ ಸದ್ದು. ಅನ್ನಪೂರ್ಣಾಳ ಹೆಡ್‌ಗಾರ್ಡಿನ ಹಣೆಯ ಮೇಲೆ ಬಿಳಿಯ ಗುರುತು ಮೂಡುತ್ತದೆ.

ಗೋಣಿಚೀಲಗಳ ಒಟ್ಟಿಲ ಮೇಲೆ ಕುಳಿತ ಹೆಂಗಸೊಬ್ಬರು ಕತ್ತು ಚಾಚಿ ಆ ಗುರುತನ್ನು ನೋಡುತ್ತಾರೆ. ಅವರು ಅನ್ನಪೂರ್ಣಾಳ ತಾಯಿ ಇಂದ್ರವ್ವ. "ಮುಟ್ಟೈತಿ" ಎಂದಷ್ಟೇ ಹೇಳಿ, ಕೈಯಲ್ಲಿದ್ದ ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸುತ್ತಾರೆ.

ಬರುವ ರವಿವಾರ ಬೆಳಗಾವಿಯಲ್ಲಿ ರಾಜ್ಯ ತಂಡದ ಆಯ್ಕೆ. ಎಂಬತ್ತು ಕಿಲೋ ಮೇಲ್ಪಟ್ಟ ಹೆಣ್ಣುಮಕ್ಕಳ ಹೆವಿವೇಟ್ ವಿಭಾಗದಲ್ಲಿ ಗೆದ್ದ ಒಬ್ಬಳು ಮಾತ್ರ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುತ್ತಾಳೆ. ದೊಡವಾಡದ ಅನ್ನಪೂರ್ಣಾಳಿಗೆ ಅಲ್ಲಿ ಎದುರಾಗುವವಳು ಮೈಸೂರಿನ ಪ್ರಜ್ಞಾ. ಕಳೆದ ಮಳೆಗಾಲದಲ್ಲಿ ಇವಳ ಮೂಗಿನಿಂದ ರಕ್ತ ಬರಿಸಿ ಗೆದ್ದವಳು. ಆ ಸೋಲಿನಲ್ಲಿ ಮುರ್ತುಜಾಸಾಬರ ಕೈವಾಡವೂ ಇತ್ತು. ಹಾಗೆಂದು ಬೇರೆ ಯಾರೂ ಹೇಳುವುದಿಲ್ಲ, ಅವರೇ ಹೇಳುತ್ತಾರೆ. "ಈ ಸಲಾನೂ ನನ್ನ ಕೈ ಆ ಹುಡುಗಿಗೆ ಸುಳ್ಳ ಹೇಳಿತಂದ್ರ ಗ್ಲೌಸ್ ಬಿಚ್ಚಿ ಗೂಟಕ್ಕ ಹಾಕಾಂವ ನಾನು."

ಮುರ್ತುಜಾಸಾಬ ಹಗಲಿನಲ್ಲಿ ಬೈಲಹೊಂಗಲ ಮಾರುಕಟ್ಟೆಯ ಹಮಾಲರು. ಲಾರಿಯಿಂದ ಮೂಟೆ ಇಳಿಸುವುದು, ಮತ್ತೊಂದು ಲಾರಿಗೆ ಏರಿಸುವುದು ಅವರ ಕೆಲಸ. ಬೆಳಗಿನ ಈ ಎರಡು ತಾಸು ಮಾತ್ರ ಅವರು ಬೇರೆ ಯಾರೋ ಆಗಿರುತ್ತಾರೆ. ಬಾಕ್ಸಿಂಗ್ ಕಲಿಯುವವರಿಗೆ ಅಭ್ಯಾಸದ ಜೊತೆಗಾರರು ಬೇಕು. ಮುಂದಿನ ಪಂದ್ಯದಲ್ಲಿ ಎದುರಾಗುವವರು ಹೇಗೆ ಆಡುತ್ತಾರೋ ಹಾಗೆಯೇ ಆಡಿ ತೋರಿಸುವ ಜೊತೆಗಾರರು ಸಿಕ್ಕರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಎದುರಾಳಿಯ ಆಟ ನೋಡಿ, ಆ ನಡಿಗೆ, ಆ ಕೈ, ಆ ಉಸಿರನ್ನು ತಮ್ಮ ಮೈಮೇಲೆ ತಂದುಕೊಂಡು ಹೊಡೆತ ತಿನ್ನುವ ಈ ಕೆಲಸಕ್ಕೆ ಅವರು ಇಟ್ಟುಕೊಂಡ ಹೆಸರು ಸೋಗು.

"ಹಗೂರ ಇರೂ ಹುಡುಗರಿಗೆ ಜೋಡಿ ಓಣಿಗೊಬ್ಬರು ಸಿಗತಾರ್ರಿ. ಭಾರ ಇರೂ ಹುಡುಗರು ಪಾಪ, ಒಂಟಿ. ಅವರ ತೂಕಕ್ಕ ಯಾರು ನಿಂದರಬೇಕು?" ಎನ್ನುತ್ತಾರೆ. ಹೀಗಾಗಿ ಸುತ್ತಲಿನ ದಪ್ಪ ಮಕ್ಕಳೆಲ್ಲ ಅವರ ಪಾಲಿಗೆ ಬಂದಿದ್ದಾರೆ. ಕಿತ್ತೂರಿನ ಸಾಜಿದ್ ಪಂದ್ಯ ಬಂದಾಗಲೆಲ್ಲ ವಾರಗಟ್ಟಲೆ ಇಲ್ಲಿಯೇ ಉಳಿಯುತ್ತಾನೆ. ರಾಮದುರ್ಗದ ಯುವರಾಜ ರವಿವಾರದ ಮೊದಲ ಬಸ್ಸಿಗೆ ಸವದತ್ತಿ ಮಾರ್ಗವಾಗಿ ಬರುತ್ತಾನೆ. ಇಬ್ಬರೂ ತಮ್ಮ ತಮ್ಮ ಶಾಲೆಗಳಲ್ಲಿ 'ಡುಮ್ಮ' ಎನಿಸಿಕೊಂಡವರು. ಇಲ್ಲಿಗೆ ಬಂದ ಮೇಲೆ, ಮೈಯ ಭಾರವೇ ಒಂದು ವಿದ್ಯೆಗೆ ಬಂಡವಾಳ ಎಂದು ತಿಳಿದವರು.

ಭಾರದ ಆಟಗಾರರಲ್ಲಿ ಮೂರು ತರ ಎಂಬುದು ಅವರ ಲೆಕ್ಕ. ಅದನ್ನು ವಿವರಿಸಲು ಅವರು ಮಾರುಕಟ್ಟೆಗೇ ಕರೆದೊಯ್ಯುತ್ತಾರೆ. ಅಂದು ಮೂವರು ಹಮಾಲರು ಲಾರಿ ಇಳಿಸುತ್ತಿದ್ದಾರೆ. ಒಬ್ಬ ಉದ್ದ ಕೈಯವನು. ದೂರದಲ್ಲೇ ನಿಂತು, ಕಬ್ಬಿಣದ ಕೊಕ್ಕೆ ಚಾಚಿ ಮೂಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಇನ್ನೊಬ್ಬ ಗಿಡ್ಡ. ಲಾರಿಯ ಹಲಗೆಗೆ ಎದೆ ಹಚ್ಚಿ, ಮೂಟೆಯ ಕೆಳಗೇ ನುಗ್ಗುತ್ತಾನೆ. ಮೂರನೆಯವನು ಏನೂ ಮಾಡುವುದಿಲ್ಲ. ಮೂಟೆ ತಾನಾಗಿ ವಾಲುವವರೆಗೆ ಸುಮ್ಮನೆ ನಿಂತು, ವಾಲಿದ ಕ್ಷಣ ಅದರ ಓಟಕ್ಕೇ ಬೆನ್ನು ಕೊಟ್ಟು ಹೊತ್ತೊಯ್ಯುತ್ತಾನೆ.

"ಬಾಕ್ಸಿಂಗೂ ಇಷ್ಟ ನೋಡ್ರಿ. ದೂರ ನಿಂತ ಆಡಾವರು, ನುಗ್ಗಾವರು, ಕಾಯಾವರು. ದೂರ ನಿಂತಾವರನ್ನ ನುಗ್ಗಾವರು ಸೋಲಸ್ತಾರ, ಯಾಕಂದ್ರ ಉದ್ದ ಕೈಗೆ ಹತ್ರ ಬಂದಾವರನ್ನ ಹೊಡಿಯಾಕ ಜಾಗಾ ಸಾಲೂದಿಲ್ಲ. ನುಗ್ಗಾವರನ್ನ ಕಾಯಾವರು ಸೋಲಸ್ತಾರ, ಬರೂದನ್ನ ನೋಡಿ ಹೊಡಿತಾರಲ್ಲ. ಇನ್ನ ಕಾಯಾವರು? ಅವರು ಕಾಯಕೋತ ಕುಂತಾಗ ದೂರ ನಿಂತಾವ ಒಂದೊಂದ ಏಟು ಕೊಟ್ಟು ಮಾರ್ಕ್ಸ್ ತಗೊಂಡು ಹೋಗಿರತಾನ."

ಇಷ್ಟು ಹೇಳಿ ತಾವೇ ನಗುತ್ತಾರೆ. "ಬರೇ ಇಷ್ಟ ಆಗಿದ್ರ ಆಟ ಆಡೂದ್ಯಾಕ್ರಿ, ಕಾಗದದ ಮ್ಯಾಲ ಬರದ ಮುಗಿಸಬಹುದಿತ್ತು. ಭಾರದ ಮಂದ್ಯಾಗ ಒಂದ ಏಟು ಬರೋಬ್ಬರಿ ಬಿತ್ತಂದ್ರ ಎಲ್ಲಾ ಉಲ್ಟಾ. ಮ್ಯಾಲಾಗಿ ತಮ್ಮ ಮೈ ತಾವ ಹೊತಗೊಂಡ ತಿರಗಬೇಕಲ್ಲ? ಮೊದಲನೇ ರೌಂಡನ್ಯಾಗ ಜಿಂಕಿ ಹಂಗ ಜಿಗದಾವ ಮೂರನೇ ರೌಂಡಿಗೆ ಬಂದಾಗ ಕೆಸರಾಗ ನಿಂತ ಎತ್ತು ಆಗಿರತಾನ."

ಯರಗಟ್ಟಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಮನೆತನದಲ್ಲಿ ಹುಟ್ಟಿದ ಮುರ್ತುಜಾಸಾಬ ಹದಿನೇಳನೆಯ ವಯಸ್ಸಿಗೆ ಕೆಲಸ ಹುಡುಕಿಕೊಂಡು ಬೆಳಗಾವಿಗೆ ಹೋದರು. ಅಲ್ಲಿನ ವ್ಯಾಯಾಮ ಶಾಲೆಯೊಂದರಲ್ಲಿ ನೀರು ತುಂಬುವ ಕೆಲಸ ಸಿಕ್ಕಿತು. ಒಂದು ದಿನ ಜೊತೆಗಾರ ಬಾರದೆ ಸಿಟ್ಟಿಗೆದ್ದಿದ್ದ ಆಟಗಾರನೊಬ್ಬ ಕೊಡ ಹೊತ್ತು ಹೊರಟಿದ್ದ ಈ ಎತ್ತರದ ಹುಡುಗನನ್ನು ಕರೆದು ಕೈಗೆ ಗ್ಲೌಸ್ ತೊಡಿಸಿದ. "ನಾ ಹೊಡೀಲಿಲ್ಲರಿ. ಆಂವ ಹೆಂಗ ಮಾಡತಾನ ಹಂಗ ನಾನೂ ಮಾಡಿದೆ. ಆಂವ ಎಡಕ್ಕ ಹೋದ್ರ ನಾನೂ ಎಡಕ್ಕ. ಆಂವ ಹಲ್ಲ ಕಡದ್ರ ನಾನೂ ಕಡದೆ. ಅಣಕ ಮಾಡಾಕ ಹತ್ತೀಯೇನಲೇ ಅಂತ ಎರಡು ಜಾಸ್ತಿನ ಹೊಡದ." ಆದರೆ ಮರುದಿನವೂ ಅವರನ್ನೇ ಕರೆದರು. ಅದರ ಮರುದಿನವೂ.

ಅವರು ಹೆಸರು ಕೊಟ್ಟು ಇಳಿದ ಪಂದ್ಯ ಒಂದೇ. ಅಂದು ಎದುರಾಳಿ ಬರಲೇ ಇಲ್ಲ. ರೆಫರಿ ಬರಿದಾದ ರಿಂಗಿನಲ್ಲಿ ಇವರ ಕೈ ಎತ್ತಿ ವಿಜಯಿ ಎಂದು ಸಾರಿದರು. "ಹೆಂಗ ಗೆದ್ದಿ ಅಂತ ಅಬ್ಬಾ ಕೇಳಿದ್ರು. ಬಟ್ಟಿ ಹಾಕ್ಕೊಂಡ ಗೆದ್ದೇನಿ ಅಂದೆ" ಎನ್ನುತ್ತಾರೆ. ತಂದೆಯವರು ಹಾಸಿಗೆ ಹಿಡಿದಾಗ ಊರಿಗೆ ಮರಳಿದರು, ಮದುವೆಯಾಯಿತು, ಹೊಟ್ಟೆಪಾಡಿಗೆ ಬೈಲಹೊಂಗಲಕ್ಕೆ ಬಂದಾಗ ಮೂಟೆ ಹೆಗಲೇರಿತು. ಬೈಲಹೊಂಗಲದ ವ್ಯಾಯಾಮ ಶಿಕ್ಷಕ ಕಲ್ಮೇಶ ಈ ಶೆಡ್ಡಿನಲ್ಲಿ ಮಕ್ಕಳಿಗೆ ಬಾಕ್ಸಿಂಗ್ ಕಲಿಸಲು ಶುರು ಮಾಡಿ, ಭಾರದ ಹುಡುಗರಿಗೆ ಜೊತೆ ಸಿಗದೆ ತಲೆ ಕೆರೆದುಕೊಳ್ಳುತ್ತಿದ್ದಾಗ ಯಾರೋ ಇವರ ಹೆಸರು ಹೇಳಿದರು. ಕಲ್ಮೇಶ ಇವರನ್ನು ಗುರು ಎಂದಾಗಲಿ, ತರಬೇತುದಾರ ಎಂದಾಗಲಿ ಕರೆಯುವುದಿಲ್ಲ. "ಗುರು ನಾನ. ಮುರ್ತುಜಾಣ್ಣ ಪರೀಕ್ಷಾ ಪೇಪರ್. ಪರೀಕ್ಷಾಕ್ಕ ಮೊದಲ ನಮ್ಮ ಕೈಗೆ ಸಿಕ್ಕ ಪೇಪರ್" ಎನ್ನುತ್ತಾರೆ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ಅವರ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ರಹೀಮಬಿ ಒಲೆಯ ಮುಂದೆ ಕುಳಿತು ಕುಸುಬಿ ಎಣ್ಣೆಗೆ ಅರಿಶಿನ ಹಾಕಿ ಬೆಚ್ಚಗೆ ಮಾಡುತ್ತಿದ್ದಾರೆ. ದಿನವೂ ಗಂಡನ ಪಕ್ಕೆಲುಬಿಗೆ ಹಚ್ಚುವ ಎಣ್ಣೆ ಇದು. ಆ ಕೌದಿಯ ಅಂಗಿಯೂ ಇವರದೇ ಹೊಲಿಗೆ. ತಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು, ದಟ್ಟ ದಾರದಲ್ಲಿ ಹೊಲಿದಿದ್ದಾರೆ. ಹೊಟ್ಟೆಯ ಭಾಗಕ್ಕೆ ಎರಡು ಪದರ ಹೆಚ್ಚು.

"ನಮ್ಮ ಮನ್ಯಾಗ ಊಟಕ್ಕ ಯಾರ ಬರತಾರ ಅಂತ ನನಗ ಗೊತ್ತಾಗೂದಿಲ್ಲರಿ" ಎಂದು ಅವರು ದೂರುತ್ತಾರೆ. "ನುಗ್ಗಾವರ ಸೋಗ ಹಾಕಿದ ವಾರ ತಾಟಿನ ಮ್ಯಾಲ ಬೀಳತಾರ. ಕಾಯಾವರ ಸೋಗಿದ್ರ ರೊಟ್ಟಿ ಆರಿದ್ರೂ ಮುಟ್ಟೂದಿಲ್ಲ, ನನ್ನ ಮಾರೀನ ನೋಡಕೋತ ಕೂಡತಾರ. ಈಗ ಏನೋ ಮೈಸೂರ ಹುಡುಗಿಯಂತ. ಯಾ ಅಲ್ಲಾ, ಮನಿತುಂಬ ತುದಿಗಾಲ ಮ್ಯಾಲ ಓಡ್ಯಾಡಾಕ ಹತ್ಯಾರ. ಮೊನ್ನೆ ಹಾಲಿನ ಬೋಗಾಣಿ ದಾಟಿದ್ದ ನೋಡಬೇಕಿತ್ತು, ನವಿಲು!"

"ಹಾಲ ಚೆಲ್ಲಲಿಲ್ಲಲ್ಲ?" ಗಂಡ ಒಳಗಿನಿಂದ ಕೇಳುತ್ತಾರೆ.

"ಚೆಲ್ಲಿದ್ರ ಇವತ್ತ ಪ್ರಜ್ಞಾಗ ಚಾ ಸಿಗತಿರಲಿಲ್ಲ."

ಅನ್ನಪೂರ್ಣಾ ಬೆಳಗಿನ ಕತ್ತಲಲ್ಲೇ ದೊಡವಾಡದಿಂದ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕುಳಿತು ಬರುತ್ತಾಳೆ. ಅಭ್ಯಾಸ ಮುಗಿಸಿ ಇಲ್ಲಿಯೇ ಕಾಲೇಜಿಗೆ ಹೋಗುತ್ತಾಳೆ. ಇಪ್ಪತ್ತು ವರ್ಷ. ಗಿಡ್ಡನೆಯ, ಗಟ್ಟಿಯಾದ, ಅಗಲ ಹೆಗಲಿನ ಮೈ. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ಅವಳನ್ನೊಮ್ಮೆ ನೋಡಿ ನಿಂತೇ ಇರುತ್ತಿದ್ದರಂತೆ. "ಆಗೆಲ್ಲ ಉಸಿರ ಹಿಡಕೊಂಡು ಸಣ್ಣಾಕಿ ಆಗಿ ಕುಂದ್ರತಿದ್ದೆ. ಇಲ್ಲಿ ಕಾಕಾ ಮೊದಲನೇ ದಿನ ಅಂದ್ರು, ಉಸಿರ ಬಿಡವಾ, ಎಷ್ಟ ಜಾಗಾ ಬೇಕೋ ಅಷ್ಟ ತಗೋ." ಈ ಮಾತನ್ನು ಹೇಳುವಾಗ ಅವಳು ನಿಜವಾಗಿಯೂ ಒಮ್ಮೆ ಉಸಿರು ಬಿಡುತ್ತಾಳೆ.

ಅವಳ ಆಟ ನುಗ್ಗುವವರದ್ದು. ಪ್ರಜ್ಞಾಳದ್ದು ದೂರದ ಆಟ. ಮುರ್ತುಜಾಸಾಬರ ಲೆಕ್ಕದಲ್ಲಿ ನುಗ್ಗುವವಳೇ ಗೆಲ್ಲಬೇಕಿತ್ತು. ಆದರೆ ನುಗ್ಗುವ ಮೊದಲು ಆ ಉದ್ದ ಎಡಗೈಯನ್ನು ದಾಟಬೇಕು. ಅದು ಎಲ್ಲಿಯವರೆಗೆ ಬರುತ್ತದೆ ಎಂಬ ಅಂದಾಜು ಮೈಗೆ ಹತ್ತಿರಬೇಕು. ಕಳೆದ ಮಳೆಗಾಲದ ಪಂದ್ಯಕ್ಕೂ ಮುನ್ನ ವಾರಗಟ್ಟಲೆ ಅವರು ಪ್ರಜ್ಞಾಳಾಗಿ ಅನ್ನಪೂರ್ಣಾಳಿಗೆ ಆ ಅಂದಾಜು ಕಲಿಸಿದರು. ಅವಳು ಆ ಕೈಯ ಕೆಳಗೆ ನುಸುಳುವುದನ್ನು ಚೆನ್ನಾಗಿ ಕಲಿತಳು. ಎಲ್ಲರಿಗೂ ಸಂತೋಷವಾಯಿತು.

ಪಂದ್ಯದ ಮೊದಲ ನಿಮಿಷದಲ್ಲೇ ಪ್ರಜ್ಞಾಳ ಎಡಗೈ ಅವಳ ಮೂಗಿಗೆ ಬಿತ್ತು. ಎರಡನೆಯದೂ. ಮೂರನೆಯದೂ. ಅನ್ನಪೂರ್ಣಾಳಿಗೆ ಅರ್ಥವೇ ಆಗಲಿಲ್ಲ. ಅಭ್ಯಾಸದಲ್ಲಿ ಎಲ್ಲಿ ನಿಲ್ಲುತ್ತಿತ್ತೋ ಅದಕ್ಕಿಂತ ನಾಲ್ಕು ಬೆರಳು ಮುಂದೆ ಬರುತ್ತಿತ್ತು ಆ ಕೈ.

ತಪ್ಪು ಎಲ್ಲಿತ್ತು ಎಂಬುದು ಮುರ್ತುಜಾಸಾಬರಿಗೆ ತಿಳಿದದ್ದು ಮಾರುಕಟ್ಟೆಯಲ್ಲಿ, ಲಾರಿಯ ಮೇಲೆ ನಿಂತು ಕೆಳಗಿನವನ ಹೆಗಲಿಗೆ ಮೂಟೆ ಕೊಡುತ್ತಿದ್ದಾಗ. ಮೇಲಿನವನು ಮೂಟೆಯನ್ನು ಜೋರಾಗಿ ತಳ್ಳುತ್ತಾನೆ. ಆದರೆ ಕೆಳಗಿನವನ ಕುತ್ತಿಗೆಗೆ ತಾಗುವ ಮುನ್ನ ಕೈ ತಡೆದು, ಭಾರ ಹಗುರ ಮಾಡಿ ಇಳಿಸುತ್ತಾನೆ. ಹಾಗೆ ಮಾಡದಿದ್ದರೆ ಕೆಳಗಿನವನ ಕತ್ತು ಉಳಿಯುವುದಿಲ್ಲ. ಹಮಾಲಿಯಲ್ಲಿ ಮೊದಲು ಕಲಿಯುವುದೇ ಇದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಮಾಡಿದ ಆ ಕೈ, ಗ್ಲೌಸ್ ತೊಟ್ಟರೂ ಹುಡುಗಿಯ ಮುಖದ ಹತ್ತಿರ ಬಂದಾಗ ತಾನಾಗಿ ನಾಲ್ಕು ಬೆರಳು ಹಿಂದೆ ನಿಲ್ಲುತ್ತಿತ್ತು. ನೋಡುವವರಿಗೆ ಅದು ಕಾಣುತ್ತಿರಲಿಲ್ಲ. ಅವರಿಗೂ ತಿಳಿದಿರಲಿಲ್ಲ.

"ಕಾಲು ಆಕಿವ ತಂದಿದ್ದೆ, ಹೆಗಲ ಆಕಿವು, ಉಸರು ಆಕಿದು. ಕೈ ಮಾತ್ರ ನಂದ ಉಳದಿತ್ತರಿ" ಎನ್ನುತ್ತಾರೆ ಅವರು.

ಸೋತು ಬಂದ ಅನ್ನಪೂರ್ಣಾ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದಳು. ಒಮ್ಮೆ ಮಾತ್ರ ಬಂದು, ಬಾಗಿಲಲ್ಲೇ ನಿಂತು, "ಕಾಕಾ, ನೀವು ನನ್ನನ್ನ ಸಣ್ಣ ಕೂಸಿನಂಗ ನೋಡಿದ್ರಿ. ಆಕಿ ಹಂಗ ನೋಡಲಿಲ್ಲ" ಎಂದು ಹೇಳಿ ಹೋಗಿದ್ದಳಂತೆ. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಒಂದು ಬೆಳಿಗ್ಗೆ ಹಾಲಿನ ಗಾಡಿಯಿಂದ ಇಬ್ಬರು ಇಳಿದರು. ಮುಂದೆ ಇಂದ್ರವ್ವ, ಹಿಂದೆ ಮುಖ ಊದಿಸಿಕೊಂಡ ಮಗಳು. ಅಂದು ನಡೆದ ಮಾತನ್ನು ಈಗ ಇಂದ್ರವ್ವ ಹೇಳುತ್ತಿದ್ದರೆ, ಮುರ್ತುಜಾಸಾಬ ನಡುನಡುವೆ ತಿದ್ದುತ್ತಾರೆ.

"ಅಣ್ಣಾರ, ನನ್ನ ಮಗಳನ್ನ ಹೊಡಿಯಾಕ ಒಲ್ಲೆ ಅಂತೀರಂತಲ್ಲ ಅಂತ ಕೇಳಿದೆ."

"ಕೇಳಲಿಲ್ರಿ, ಜಗಳಾ ತಗದ್ರು."

"ಸುಮ್ನಿರ್ರಿ. ಹೆಣ್ಣಹುಡುಗಿ ಮಾರಿ ಐತೆವಾ, ಕೈ ಏಳೂದಿಲ್ಲ ಅಂದ್ರು. ಆ ಮಾರಿ ಹಡದಾಕಿ ನಾ ಹೇಳಾಕ ಹತ್ತೇನಿ, ಹೊಡಿರಿ ಅಂದೆ. ನೀವ ಇಲ್ಲಿ ಬಿಟ್ಟದ್ದನ್ನ ಆಕಿ ಅಲ್ಲಿ ಸೇರಿಸಿ ಹೊಡಿತಾಳ. ಅಲ್ಲಿ ನಾ ಇರೂದಿಲ್ಲ. ಇಲ್ಲಿ ಹೊಡಿರಿ, ನಾ ಇಲ್ಲೇ ಕುಂತಿರತೇನಿ."

"ಆಮ್ಯಾಲ ಅತ್ರು."

"ನಾ ಎಲ್ಲಿ ಅತ್ತೆ? ಅತ್ತಾವರು ನೀವು!"

ಅತ್ತದ್ದು ಮುರ್ತುಜಾಸಾಬರೇ ಎಂದು ಅನ್ನಪೂರ್ಣಾ ತೀರ್ಪು ಕೊಡುತ್ತಾಳೆ. ಆದರೆ ಅದು ಅಂದಲ್ಲ, ಕೆಲವು ದಿನಗಳ ನಂತರ. ಏಕೆಂದರೆ ಕೈ ಅಷ್ಟು ಸುಲಭವಾಗಿ ಮಾತು ಕೇಳಲಿಲ್ಲ. ಹೊಡೆದೆ ಎಂದು ಅವರು ಹೇಳುತ್ತಿದ್ದರು, ತಾಗಲಿಲ್ಲ ಎಂದು ಇವಳು. ಕಡೆಗೆ ಇಂದ್ರವ್ವ ಮನೆಯಿಂದ ಜೋಳದ ಹಿಟ್ಟು ಕಟ್ಟಿಕೊಂಡು ಬಂದರು. ರೊಟ್ಟಿ ಬಡಿಯುವಾಗ ಎಲ್ಲೆಲ್ಲಿ ಕೈ ತಾಗಿತೆಂದು ಸೀರೆಯ ಮೇಲಿನ ಹಿಟ್ಟು ಹೇಳುತ್ತದಲ್ಲ, ಹಾಗೆಯೇ ಇಲ್ಲೂ ಹೇಳಲಿ ಎಂದರು. ಗ್ಲೌಸಿಗೆ ಹಿಟ್ಟು ಹಚ್ಚಿದರು. ಮೊದಲ ದಿನ ಅನ್ನಪೂರ್ಣಾಳ ಹೆಡ್‌ಗಾರ್ಡಿನ ಮೇಲೆ ಒಂದೇ ಒಂದು ಗುರುತೂ ಮೂಡಲಿಲ್ಲ. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಠಪ್ ಎಂಬ ಸದ್ದಿನೊಂದಿಗೆ ಹಣೆಯ ನಟ್ಟನಡುವೆ ಬಿಳಿಯ ಗುಂಡನೆಯ ಗುರುತು ಬಿತ್ತು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಇಂದ್ರವ್ವ ಮೊದಲ ಬಾರಿಗೆ "ಮುಟ್ಟೈತಿ" ಎಂದರು. ಮುರ್ತುಜಾಸಾಬ ಗ್ಲೌಸಿನಿಂದಲೇ ಕಣ್ಣೊರೆಸಿಕೊಂಡರು, ಕಣ್ಣಿಗೆ ಹಿಟ್ಟು ಹೋಗಿ ಇನ್ನಷ್ಟು ನೀರು ಬಂತು.

"ಹೊಡಿಸಿಕೊಂಡಾಕಿ ನಾನು, ಅಳಾವರು ನೀವು" ಎಂದು ಅನ್ನಪೂರ್ಣಾ ನಕ್ಕಳು. ಸೋತ ಮೇಲೆ ಆ ಶೆಡ್ಡಿನಲ್ಲಿ ಅವಳು ನಕ್ಕದ್ದು ಅದೇ ಮೊದಲು.

ರವಿವಾರ. ಬೆಳಗಾವಿಯ ಒಳಾಂಗಣ ಕ್ರೀಡಾಂಗಣ. ಕಲ್ಮೇಶ ಮಾತ್ರ ರಿಂಗಿನ ಮೂಲೆಯಲ್ಲಿ ನಿಲ್ಲಬಹುದು. ಅಭ್ಯಾಸದಲ್ಲಿ ಹೊಡೆತ ತಿಂದವರಿಗೆ ಅಲ್ಲಿ ಜಾಗವಿಲ್ಲ. ಮುರ್ತುಜಾಸಾಬ ಮೇಲಿನ ಮೆಟ್ಟಿಲುಗಳಲ್ಲಿ ಇಂದ್ರವ್ವ ಮತ್ತು ರಹೀಮಬಿಯ ನಡುವೆ ಕುಳಿತಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಾರೆ.

ಗಂಟೆ ಬಾರಿಸುತ್ತದೆ. ಪ್ರಜ್ಞಾ ತುದಿಗಾಲಿನಲ್ಲಿ ಸುತ್ತು ಹಾಕುತ್ತಾಳೆ, ಶೆಡ್ಡಿನಲ್ಲಿ ಮುರ್ತುಜಾಸಾಬ ಹಾಕುತ್ತಿದ್ದ ಹಾಗೆಯೇ. ಅವಳನ್ನು ಮೊದಲ ಬಾರಿ ಕಣ್ಣಾರೆ ನೋಡುತ್ತಿರುವ ರಹೀಮಬಿ ಬಾಯಿ ಮೇಲೆ ಕೈ ಇಟ್ಟು, "ಏ, ಇದು ನಮ್ಮ ಮನ್ಯಾಗ ಹಾಲಿನ ಬೋಗಾಣಿ ದಾಟಿದ ಕಾಲು!" ಎನ್ನುತ್ತಾರೆ. ಅಷ್ಟರಲ್ಲಿ ಉದ್ದ ಎಡಗೈ ಹಾರಿ ಬಂದು ಅನ್ನಪೂರ್ಣಾಳ ಹಣೆಗೆ ಬೀಳುತ್ತದೆ. ಮುರ್ತುಜಾಸಾಬ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಕಣ್ಣ ತಗೀರಿ ಅಣ್ಣಾರ" ಎನ್ನುತ್ತಾರೆ ಇಂದ್ರವ್ವ. "ಆಕಿ ಬೆದರಿಲ್ಲ. ನಿಮ್ಮ ಏಟು ಎಲ್ಲಿ ಬೀಳತಿತ್ತೋ ಅಲ್ಲೇ ಬಿದ್ದೈತಿ."

ಅನ್ನಪೂರ್ಣಾ ಬೆದರಿಲ್ಲ. ಮೊದಲ ಸುತ್ತು ಪ್ರಜ್ಞಾಳಿಗೇ ಹೋಗುತ್ತದೆ. ಆದರೆ ಇವಳು ಪ್ರತಿ ಹೊಡೆತಕ್ಕೂ ಅರ್ಧ ಹೆಜ್ಜೆ ಮುಂದೆ ಬರುತ್ತಿದ್ದಾಳೆ, ಹಿಂದೆ ಹೋಗುತ್ತಿಲ್ಲ. ಎರಡನೆಯ ಸುತ್ತಿನಲ್ಲಿ ಎಡಗೈ ಮತ್ತೆ ಚಾಚಿದಾಗ ಅವಳ ತಲೆ ಅಲ್ಲಿಲ್ಲ. ಕೈಯ ಕೆಳಗಿನಿಂದ ನುಸುಳಿ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದಾಳೆ. ಅಷ್ಟು ಹತ್ತಿರದಲ್ಲಿ ಉದ್ದ ತೋಳಿಗೆ ಮಡಚಲು ಜಾಗವಿಲ್ಲ. ಅನ್ನಪೂರ್ಣಾಳ ಗಿಡ್ಡ ಕೈಗಳು ಪಕ್ಕೆಗೆ, ಹೊಟ್ಟೆಗೆ ಬೀಳುತ್ತವೆ. ಮುರ್ತುಜಾಸಾಬರ ಕೈ ತೊಡೆಯ ಕೆಳಗಿನಿಂದ ಹೊರಬಂದು ತಮ್ಮದೇ ಪಕ್ಕೆಯನ್ನು ಮುಚ್ಚಿಕೊಳ್ಳುತ್ತದೆ. ಆ ಏಟು ಎಷ್ಟು ನೋಯುತ್ತದೆಂದು ಆ ಸಭಾಂಗಣದಲ್ಲಿ ಪ್ರಜ್ಞಾಳ ಹೊರತು ಅವರೊಬ್ಬರಿಗೇ ಗೊತ್ತು.

ಮೂರನೆಯ ಸುತ್ತಿನಲ್ಲಿ ಭಾರ ತನ್ನ ಮಾತು ಹೇಳಲು ಶುರು ಮಾಡುತ್ತದೆ. ಪ್ರಜ್ಞಾಳ ಹಿಮ್ಮಡಿಗಳು ನೆಲಕ್ಕೆ ಇಳಿದಿವೆ. ಓಡಿ ತಪ್ಪಿಸಿಕೊಳ್ಳುತ್ತಿದ್ದವಳು ಈಗ ನಿಂತು ಹೊಡೆಯುತ್ತಿದ್ದಾಳೆ. ಅವಳ ಬಲಗೈಯ ಒಂದು ಏಟಿಗೆ ಅನ್ನಪೂರ್ಣಾ ತತ್ತರಿಸುತ್ತಾಳೆ. ರೆಫರಿ ನಡುವೆ ಬಂದು ಎಣಿಸುವಾಗ ಇಂದ್ರವ್ವ ಮುರ್ತುಜಾಸಾಬರ ಅಂಗಿಯ ತೋಳನ್ನು ಹಿಡಿದ ಹಿಡಿತಕ್ಕೆ ಹೊಲಿಗೆ ಬಿಚ್ಚುತ್ತದೆ. ಅನ್ನಪೂರ್ಣಾ ತಲೆಯಾಡಿಸಿ, ಉಸಿರು ಬಿಟ್ಟು, ಮತ್ತೆ ಮುಂದೆ ಹೆಜ್ಜೆ ಇಡುತ್ತಾಳೆ. ಕೊನೆಯ ಗಂಟೆ ಬಾರಿಸುವಾಗ ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದಾರೆ, ಯಾರು ಯಾರನ್ನು ಹಿಡಿದುಕೊಂಡಿದ್ದಾರೋ ಹೇಳಲಾಗದ ಹಾಗೆ.

ಐವರು ತೀರ್ಪುಗಾರರಲ್ಲಿ ಇಬ್ಬರು ಪ್ರಜ್ಞಾ ಎನ್ನುತ್ತಾರೆ. ಮೂವರು ಅನ್ನಪೂರ್ಣಾ.

ಇಂದ್ರವ್ವ ಮಗಳ ಕಡೆ ಓಡುತ್ತಾರೆ. ಮುರ್ತುಜಾಸಾಬ ಅತ್ತ ಹೋಗುವುದಿಲ್ಲ. ಅವರು ಇಳಿದು ಹೋಗುವುದು ಇನ್ನೊಂದು ಬದಿಗೆ, ಗೋಡೆಯ ಪಕ್ಕದ ಬೆಂಚಿನ ಮೇಲೆ ತಲೆಗೆ ಟವೆಲ್ ಹೊದ್ದು ಒಬ್ಬಳೇ ಕುಳಿತ ಪ್ರಜ್ಞಾಳ ಬಳಿಗೆ. ನೀರಿನ ಬಾಟಲಿ ಕೊಟ್ಟು ಎದುರಿಗೆ ನಿಲ್ಲುತ್ತಾರೆ.

"ಅಂಕಲ್, ನೀವು ಯಾರು?"

"ನಾ ಬೈಲಹೊಂಗಲದಾಗ ಹಮಾಲಿ ಮಾಡತೇನಿ. ಮುಂಜಾನೆ ಎರಡ ತಾಸು ನೀ ಆಗಿರತೇನಿ."

ಹುಡುಗಿಗೆ ಅರ್ಥವಾಗುವುದಿಲ್ಲ. ಅವರು ಹಿಮ್ಮಡಿ ಎತ್ತಿ, ಓರೆಯಾಗಿ ತಿರುಗಿ, ಗದ್ದವನ್ನು ಎಡಭುಜದ ಹಿಂದೆ ಅಡಗಿಸಿ ಎರಡು ಸುತ್ತು ಹಾಕಿ ತೋರಿಸುತ್ತಾರೆ. ಪ್ರಜ್ಞಾ ಟವೆಲ್ ಸರಿಸಿ ಬೆರಗಿನಿಂದ ನೋಡುತ್ತಾಳೆ. ಕಣ್ಣೀರಿನ ನಡುವೆಯೇ ನಗು ಬರುತ್ತದೆ. "ಅಯ್ಯೋ, ನಾನು ಹೀಗೆ ಆಡ್ತೀನಾ? ಇಷ್ಟು ಚೆನ್ನಾಗಿ ಕಾಣುತ್ತಾ?"

"ಭಾಳ ಛಂದ ಕಾಣತೈತಿ. ಆದ್ರ ಇಲ್ಲಿ ನೋಡವಾ" ಎಂದು ಅವರು ಮತ್ತೆ ಎಡಗೈ ಚಾಚಿ, ಅಲ್ಲೇ ನಿಲ್ಲುತ್ತಾರೆ. "ಕೈ ಬಿಡೂಕಿಂತ ಮೊದಲ ಬಲಗಾಲಿನ ಹಿಮ್ಮಡಿ ಒಂಚೂರು ಒತ್ತತಿ. ಅದನ್ನ ನೋಡೇ ಅನ್ನಪೂರ್ಣಾ ಒಳಗ ಬಂದ್ಲು. ಅದನ್ನ ತಿದ್ದಿಕೊಂಡಿ ಅಂದ್ರ ನಿನ್ನ ಹಿಡಿಯಾವರಿಲ್ಲ."

ಹಿಂದಿನಿಂದ ಬಂದ ಅನ್ನಪೂರ್ಣಾ ಇದನ್ನು ಕೇಳಿಸಿಕೊಂಡಿದ್ದಾಳೆ. ಕೈಗೆ ಕಟ್ಟಿದ ಪಟ್ಟಿಯನ್ನೂ ಬಿಚ್ಚಿಲ್ಲ. "ಕಾಕಾ! ಏನ್ಮಾಡಾಕ ಹತ್ತೀರಿ ನೀವು? ಆಕಿ ಗುಟ್ಟು ಆಕೀಗೇ ಹೇಳತೀರಾ? ಬರೂ ವರ್ಷ ನಾ ಹೆಂಗ ಗೆಲ್ಲಲಿ?"

"ಗುಟ್ಟು ಆಕೀದ ಐತಲ್ಲ, ತಿರಗಿ ಕೊಟ್ಟೆ" ಎನ್ನುತ್ತಾರೆ ಮುರ್ತುಜಾಸಾಬ. "ಇಷ್ಟ ದಿವಸ ಆಕಿ ಕಾಲ ಮ್ಯಾಲ ನಿಂತೇನಿ ತಂಗಿ. ನೀ ಗೆದ್ದಾಗ ಇಲ್ಲಿ ಹಾಲ ಕುಡದಂಗಾತು. ಆಕಿ ಸೋತಾಗ ಇಲ್ಲೇ ಒಂಚೂರ ಚುರ್ ಅಂತು. ಎರಡೂ ಒಂದ ಎದೀ, ಏನ್ಮಾಡೂದು?"

ಅನ್ನಪೂರ್ಣಾ ಸಿಟ್ಟಿನಿಂದ ಅವರನ್ನೇ ನೋಡುತ್ತಾಳೆ. ಆಮೇಲೆ ಪ್ರಜ್ಞಾಳನ್ನು ನೋಡುತ್ತಾಳೆ. ಇಂದ್ರವ್ವ ಸೆರಗಿನ ಗಂಟು ಬಿಚ್ಚಿ ಶೇಂಗಾ ಉಂಡಿ ತೆಗೆದು ಇಬ್ಬರ ಕೈಗೂ ಒಂದೊಂದು ಕೊಡುತ್ತಾರೆ. ಕೈಪಟ್ಟಿಯಿಂದ ಬೆರಳು ಮಡಚಲಾಗದೆ ಇಬ್ಬರೂ ಒಂದೇ ತರ ಒದ್ದಾಡುವುದನ್ನು ಕಂಡು, ತಾವೇ ಮುರಿದು ಇಬ್ಬರ ಬಾಯಿಗೂ ಇಡುತ್ತಾರೆ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಮತ್ತೆ ಅದೇ ಟ್ಯೂಬ್‌ಲೈಟು. ಅನ್ನಪೂರ್ಣಾಳಿಗೆ ವಾರದ ವಿಶ್ರಾಂತಿ ಎಂದು ಕಲ್ಮೇಶ ಹೇಳಿದ್ದರೂ ಅವಳು ಹಾಲಿನ ಗಾಡಿಯಲ್ಲಿ ಬಂದಿದ್ದಾಳೆ. ಒಂದು ಕಣ್ಣು ಊದಿದೆ. ಮುರ್ತುಜಾಸಾಬ ಗೋಣಿಚೀಲಗಳ ಮೇಲೆ ಕುಳಿತು ಮೊಬೈಲಿನಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಹಳೆಯ ಆಟವೊಂದನ್ನು ನೋಡುತ್ತಿದ್ದಾರೆ. ಉತ್ತರದ ಯಾವುದೋ ರಾಜ್ಯದ ಆಟಗಾರ್ತಿ. ಅಲುಗಾಡದೆ ನಿಂತು, ಎದುರಿನವಳು ಬರಲೆಂದು ಕಾಯುತ್ತಾಳೆ. ನುಗ್ಗುವವರಿಗೆ ಎಲ್ಲಕ್ಕಿಂತ ಕಠಿಣವಾದ ಆಟ. ಮುರ್ತುಜಾಸಾಬರ ಮೈ ಆಗಲೇ ಸ್ತಬ್ಧವಾಗುತ್ತಿದೆ. ಇನ್ನು ಮುಂದೆ ಮನೆಯಲ್ಲಿ ರೊಟ್ಟಿ ಆರಿ ಹೋಗುತ್ತವೆ ಎಂದು ರಹೀಮಬಿಗೆ ಈಗಲೇ ಗೊತ್ತಾಗಿರಬೇಕು.

ಇಷ್ಟೊಂದು ಜನರಾಗುವ ನಿಮ್ಮ ಸ್ವಂತ ಆಟ ಯಾವುದು ಎಂದು ಕೇಳಿದರೆ ಅವರು ಮೊಬೈಲನ್ನು ಬದಿಗಿಡುತ್ತಾರೆ. "ನಂದು ಒಂದ ಪಂದ್ಯ ಆತಲ್ರಿ, ಎದುರಾಳಿ ಬರಲಿಲ್ಲ. ಅದಕ್ಕ ನಂದ್ಯಾವ ಆಟ ಅಂತ ನನಗೂ ಗೊತ್ತಾಗಲಿಲ್ಲ." ಅದಕ್ಕೆ ಬೇಸರವಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಗ್ಲೌಸ್ ಗೂಟಕ್ಕೆ ಹಾಕುವ ಮಾತು ಏನಾಯಿತೆಂದರೆ, ಅನ್ನಪೂರ್ಣಾ ನಡುವೆ ಬಾಯಿ ಹಾಕಿ, "ಗೂಟಾನ ಕಿತ್ತ ಒಗದೇನಿ ನಾ" ಎನ್ನುತ್ತಾಳೆ.

ಹಾಗಾದರೆ ಆಸೆ ಎಂಬುದು ಏನಾದರೂ ಇದೆಯೇ?

ಅವರು ಎದ್ದು ಪರಾತವನ್ನು ಹತ್ತಿರ ಎಳೆದುಕೊಳ್ಳುತ್ತಾರೆ, ಗ್ಲೌಸನ್ನು ಹಿಟ್ಟಿನಲ್ಲಿ ಅದ್ದುತ್ತಾರೆ. ಚೌಕದ ಆಚೆ ಊದಿದ ಕಣ್ಣಿನ ಹುಡುಗಿ ಆಗಲೇ ಹೆಡ್‌ಗಾರ್ಡ್ ಬಿಗಿದು ನಿಂತಿದ್ದಾಳೆ.

"ಒಂದ ಐತ್ರಿ. ನಾ ಹೋಗದ, ನನಗ ಗೊತ್ತಿರದ ಯಾವುದೋ ಊರಾಗ, ನನ್ನಂಥಾವ ಒಬ್ಬ ಮುಂಜಾನೆದ್ದು ಮೊಬೈಲ್ ನೋಡಕೋತ ಕುಂತಿರಬೇಕು. ಅವರ ಹುಡುಗಿ ಬಂದು, ಇವತ್ತ ಯಾರಾಗೀರಿ ಅಂತ ಕೇಳಬೇಕು. ಆಂವ ಎದ್ದು ನಿಂತು, ಅಂಗಾಲ ಪೂರ್ತಿ ಊರಿ, ಉಸಿರ ಬಿಟ್ಟು ಹೇಳಬೇಕು: ದೊಡವಾಡದ ಅನ್ನಪೂರ್ಣಾ."